ಎಷ್ಟನೇ ಮಹಡಿ ಅಂತ ಕೇಳಿದ್ದೀರಾ?

ಪ್ರವಾಸ ಪ್ರಶ್ನೋತ್ತರ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಯುರೋಪಿನ ಯಾವುದಾದರೂ ಊರಿಗೆ ಮೂರು-ನಾಲ್ಕು ದಿನಕ್ಕೆ ಹೋದರೆ ಎಲ್ಲಿ ಉಳಿಯಬೇಕು? ಹಾಗಾಗಿ ಈ ಸಲದ ಪುಟವನ್ನು ಅದಕ್ಕೇ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಮ್ಮ ಯಜಮಾನರ ಕೆಲಸದಿಂದಾಗಿ ನಾನು ವಿಯೆನ್ನಾದಲ್ಲಿ ಒಂಬತ್ತು ವರ್ಷ ಇದ್ದೆ. ಈಗ ಮೈಸೂರಿನಲ್ಲಿದ್ದೇನೆ. ಅಲ್ಲಿದ್ದಾಗ ಊರಿಂದ ಬರುವ ನೆಂಟರಿಗೆಲ್ಲ ಜಾಗ ಹುಡುಕುವ ಕೆಲಸ ನನ್ನದೇ ಆಗಿತ್ತು. ಕೆಲವು ಸಲ ಚೆನ್ನಾಗಿ ಹುಡುಕಿದೆ, ಒಂದು ಸಲ ತಪ್ಪಿದೆ. ಆ ತಪ್ಪಿನ ಕಥೆಯೂ ಕೆಳಗಿದೆ.

ಪ್ರಶ್ನೆ: ಮಗಳು ಮ್ಯೂನಿಕ್‌ನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಅವಳ ಹತ್ತಿರ ಹೋಗಿ, ಅಲ್ಲಿಂದ ಮೂವರೂ ರೈಲಿನಲ್ಲಿ ವಿಯೆನ್ನಾಕ್ಕೆ ಹೋಗಿ ನಾಲ್ಕು ರಾತ್ರಿ ಇರಬೇಕೆಂದಿದ್ದೇವೆ. ನನಗೆ 63, ನಮ್ಮವರಿಗೆ 68. ನನಗೆ ಮಂಡಿ ನೋವಿದೆ. ಊರ ಮಧ್ಯದ ಹೋಟೆಲ್ ದರ ನೋಡಿ ಗಾಬರಿಯಾಯಿತು. ಮಗಳು ‘ಮೆಟ್ರೋ ಇದೆಯಲ್ಲಮ್ಮ, ದೂರ ಇದ್ದರೂ ನಡೆಯುತ್ತೆ’ ಅನ್ನುತ್ತಾಳೆ. ಇವರು ‘ದುಡ್ಡು ಹೋದರೆ ಹೋಗಲಿ, ಮಧ್ಯದಲ್ಲೇ ಇರೋಣ’ ಅನ್ನುತ್ತಾರೆ. ನಾವು ಸಸ್ಯಾಹಾರಿಗಳು. ಯಾರ ಮಾತು ಕೇಳಲಿ, ಮೇಡಂ?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ದರದ ಮೇಲಲ್ಲ, ಮಂಡಿ ನೋವಿನ ಮೇಲೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಅಮ್ಮ ವಿಯೆನ್ನಾಕ್ಕೆ ಬಂದಾಗ ಅವರಿಗೆ 66. ಜೊತೆಗೆ ತಮ್ಮ ಮತ್ತು ಅವನ ಹೆಂಡತಿ. ನಾವು ಅಲ್ಲಿಗೆ ಹೋಗಿ ಐದು ತಿಂಗಳಾಗಿತ್ತಷ್ಟೆ. ಡ್ಯಾನ್ಯೂಬ್ ನದಿಯ ಆಚೆ, ಹೊಸ ಕಟ್ಟಡದಲ್ಲಿ ಒಂದು ಕೋಣೆಯ ಮನೆ. ಎಲ್ಲರಿಗೂ ಜಾಗ ಸಾಲದು ಅಂತ ಊರ ಮಧ್ಯಕ್ಕೆ ಹತ್ತಿರವಾಗುವ ಹಾಗೆ ಐದು ದಿನಕ್ಕೆ ಒಂದು ಫ್ಲಾಟ್ ಹಿಡಿದೆ. ನಕ್ಷೆಯಲ್ಲಿ ಎಲ್ಲವೂ ಪಕ್ಕದಲ್ಲೇ ಇತ್ತು. ‘ಮೊದಲನೇ ಮಹಡಿ, ಲಿಫ್ಟ್ ಇಲ್ಲ’ ಅಂತ ಬರೆದಿತ್ತು. ಒಂದು ಮಹಡಿ ತಾನೆ, ಅಮ್ಮ ನಿಧಾನಕ್ಕೆ ಹತ್ತುತ್ತಾರೆ ಅಂದುಕೊಂಡೆ.

ವಿಯೆನ್ನಾದ ಹಳೇ ಕಟ್ಟಡಗಳಲ್ಲಿ ಮಹಡಿ ಎಣಿಸುವ ಕ್ರಮವೇ ಬೇರೆ ಅಂತ ಆಗ ನನಗೆ ಗೊತ್ತಿರಲಿಲ್ಲ. ನೆಲದ ಮಟ್ಟ ಆದ ಮೇಲೆ ‘ಹೋಖ್‌ಪಾರ್ಟೆರ್’ ಅಂತ ಒಂದು. ಅದರ ಮೇಲೆ ‘ಮೆಜಾನಿನ್’ ಅಂತ ಇನ್ನೊಂದು. ಅದಾದ ಮೇಲೆ ಬರುವುದು ‘ಮೊದಲನೇ ಮಹಡಿ’. ಎಲ್ಲ ಕಟ್ಟಡಗಳಲ್ಲೂ ಹೀಗಿಲ್ಲ, ಆದರೆ ತುಂಬ ಕಡೆ ಇದೆ. ಚಾವಣಿಯೂ ಎತ್ತರ, ಹಾಗಾಗಿ ಮೆಟ್ಟಿಲೂ ಜಾಸ್ತಿ. ಆ ಮನೆಗೆ 68 ಮೆಟ್ಟಿಲು. ಅಮ್ಮ ಹತ್ತುವಾಗ ನಾನು ಹಿಂದೆ ನಿಂತು ಎಣಿಸಿದೆ. ಎರಡು ಕಡೆ ಮೆಟ್ಟಿಲ ಮೇಲೇ ಕೂತರು, ಕೈಚೀಲ ತೊಡೆಯ ಮೇಲೆ ಇಟ್ಟುಕೊಂಡು.

ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆ ಬೀದಿಯೂ ಇಳಿಜಾರು. ಅದು ಆರನೇ ಬೆಝಿರ್ಕ್, ಮಾರಿಯಾಹಿಲ್ಫ್. ಬೆಝಿರ್ಕ್ ಅಂದರೆ ನಮ್ಮಲ್ಲಿ ವಾರ್ಡ್ ಇದ್ದ ಹಾಗೆ; ಊರಲ್ಲಿ ಒಟ್ಟು 23 ಇವೆ. ಮಾರಿಯಾಹಿಲ್ಫರ್ ಸ್ಟ್ರಾಸೆ ಎನ್ನುವ ದೊಡ್ಡ ಅಂಗಡಿ ಬೀದಿ ಎತ್ತರದಲ್ಲಿದೆ. ಅಲ್ಲಿಂದ ನಾಶ್‌ಮಾರ್ಕ್ಟ್ ಸಂತೆಯ ಕಡೆಗೆ ಜಾಗ ಒಂದೇ ಸಮ ಇಳಿಯುತ್ತದೆ. ಕೆಲವು ಕಡೆ ರಸ್ತೆಯ ಬದಲು ಮೆಟ್ಟಿಲ ಸಾಲೇ ಇದೆ. ಫಿಲ್‌ಗ್ರಾಡರ್ ಸ್ಟೀಗೆ ಎನ್ನುವ ಮೆಟ್ಟಿಲು ನೋಡಲು ಬಲು ಚಂದ, ಜನ ಫೋಟೋ ತೆಗೆಯಲು ಬರುತ್ತಾರೆ. ಮಂಡಿ ನೋವಿದ್ದವರು ದಿನಾ ಹತ್ತಿ ಇಳಿಯುವ ಜಾಗ ಅಲ್ಲ ಅದು.

ಮೂರನೇ ದಿನ ಬೆಳಿಗ್ಗೆ ಅಮ್ಮ ‘ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ’ ಅಂದರು. ಅವತ್ತು ನಾವು ಶೋನ್‌ಬ್ರುನ್ ಅರಮನೆಗೆ ಹೊರಟಿದ್ದೆವು. ಮೈಸೂರಿನವರು ಅಮ್ಮ. ಅಲ್ಲಿಯ ಅರಮನೆಯನ್ನೂ ಒಂದು ಸಲ ನೋಡಬೇಕು ಅಂತ ಹೊರಡುವ ಮುಂಚಿನಿಂದಲೂ ಹೇಳುತ್ತಿದ್ದರು. ಸಂಜೆ ನಾವು ವಾಪಸ್ ಬಂದಾಗ ಕಿಟಕಿ ಹತ್ತಿರ ಕೂತು ಒಳ ಅಂಗಳದ ಮರ ನೋಡುತ್ತಿದ್ದರು. ಆಮೇಲೆ ಅವರು ಮತ್ತೆ ವಿಯೆನ್ನಾಕ್ಕೆ ಬರಲು ಆಗಲಿಲ್ಲ. ಅದಕ್ಕೇ ಅಕ್ಕಾ, ಯಾರು ಕೇಳಿದರೂ ನಾನು ದರದ ಮಾತಿಗೆ ಮುಂಚೆ ಮೆಟ್ಟಿಲ ಮಾತು ತೆಗೆಯುತ್ತೇನೆ.

ಈಗ ನಿಮ್ಮ ಮನೆಯ ವಾದಕ್ಕೆ ಬರೋಣ. ಮಗಳ ಮಾತಲ್ಲೂ ಹುರುಳಿದೆ, ಯಜಮಾನರ ಮಾತಲ್ಲೂ ಇದೆ. ಆದರೆ ಇಬ್ಬರೂ ಬೆಳಿಗ್ಗೆ ಹೊರಡುವುದನ್ನು ಯೋಚಿಸುತ್ತಿದ್ದಾರೆ. ನೀವು ಮಧ್ಯಾಹ್ನದ್ದು ಯೋಚಿಸಿ. ಊಟ ಮಾಡಿ, ಕೋಣೆಗೆ ಬಂದು, ಒಂದು ಗಂಟೆ ಅಡ್ಡಾಗಿ, ನಾಲ್ಕಕ್ಕೆ ಮತ್ತೆ ಹೊರಡಲು ಆಗುತ್ತದಾ? ಆಗುವುದಾದರೆ ಆ ಜಾಗ ನಿಮಗೆ ಸರಿ. ಊರಾಚೆಯ ಹೋಟೆಲಿನಲ್ಲಿ ಇದು ಆಗುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ ರಾತ್ರಿ ಒಂಬತ್ತರವರೆಗೆ ಬೆಂಚು ಹುಡುಕುತ್ತಾ ತಿರುಗಬೇಕು.

ಹಾಗಂತ ಮೊದಲನೇ ಬೆಝಿರ್ಕ್‌ನಲ್ಲೇ ದುಬಾರಿ ಕೋಣೆ ಹಿಡಿಯಬೇಕಿಲ್ಲ. ವಿಯೆನ್ನಾದ ನಕ್ಷೆ ಅರ್ಥ ಮಾಡಿಕೊಳ್ಳುವುದು ಸುಲಭ. ನಡುವೆ ಹಳೇ ಊರು. ಅದರ ಸುತ್ತ ರಿಂಗ್ ರಸ್ತೆ. ಹಳೇ ಕೋಟೆ ಗೋಡೆ ಕೆಡವಿ ಕಟ್ಟಿದ್ದು, 1865ರಲ್ಲಿ ಉದ್ಘಾಟನೆಯಾಯಿತು. ಅದರಾಚೆ ಇನ್ನೊಂದು ಬಳಸು ರಸ್ತೆ, ಗುರ್ಟೆಲ್ ಅಂತ. ಮೂರರಿಂದ ಒಂಬತ್ತರವರೆಗಿನ ಬೆಝಿರ್ಕ್‌ಗಳು ಹೆಚ್ಚುಕಡಿಮೆ ಇವೆರಡರ ನಡುವೆ ಇವೆ. ಎರಡನೆಯದು ಮಾತ್ರ ಡ್ಯಾನ್ಯೂಬ್ ಕಾಲುವೆಯ ಆಚೆ ದಡದಲ್ಲಿದೆ. ಹೋಟೆಲಿನ ಪಿನ್ ಕೋಡ್ ನೋಡಿದರೆ ಸಾಕು, ಎಲ್ಲಿದೆ ಅಂತ ತಿಳಿಯುತ್ತದೆ. 1070 ಅಂದರೆ ನಡುವಿನ ಎರಡು ಅಂಕಿ 07, ಏಳನೇ ಬೆಝಿರ್ಕ್. 1020 ಅಂದರೆ ಎರಡನೆಯದು. 1 ಬಿಟ್ಟು 2ರಿಂದ ಶುರುವಾಗುವ ಪಿನ್ ಇದ್ದರೆ ಅದು ವಿಯೆನ್ನಾ ಊರೇ ಅಲ್ಲ. ಹೆಸರಿನಲ್ಲಿ ‘ವಿಯೆನ್ನಾ’ ಅಂತ ಇದ್ದು ಊರ ಗಡಿಯಾಚೆ ಇರುವ ಹೋಟೆಲುಗಳಿವೆ. ಊರೊಳಗಿನ ಟಿಕೆಟ್ ಅಲ್ಲಿಯವರೆಗೆ ನಡೆಯುವುದೂ ಇಲ್ಲ.

ನಿಮಗೆ ನಾನು ಹೇಳುವುದು ಎರಡನೇ ಬೆಝಿರ್ಕ್, ಲಿಯೋಪೋಲ್ಡ್‌ಸ್ಟಾಟ್. ಅದರಲ್ಲೂ ನೆಸ್ಟ್ರಾಯ್‌ಪ್ಲಾಟ್ಸ್ ನಿಲ್ದಾಣದ ಸುತ್ತಮುತ್ತ. ಮೊದಲ ಕಾರಣ, ಅಲ್ಲಿ ನೆಲ ಸಮತಟ್ಟು. ಎರಡನೆಯದು, ಮ್ಯೂನಿಕ್‌ನಿಂದ ಬರುವ ರೈಲು ನಿಮ್ಮನ್ನು ಮುಖ್ಯ ನಿಲ್ದಾಣ ಹಾಪ್ಟ್‌ಬಾನ್‌ಹೋಫ್‌ನಲ್ಲಿ ಇಳಿಸಿದರೆ, ಅಲ್ಲೇ ಕೆಳಗೆ ಯು1 ಅನ್ನುವ ಕೆಂಪು ಗೆರೆಯ ಮೆಟ್ರೋ ಸಿಗುತ್ತದೆ. ಐದನೇ ನಿಲ್ದಾಣವೇ ನೆಸ್ಟ್ರಾಯ್‌ಪ್ಲಾಟ್ಸ್. ಸೂಟ್‌ಕೇಸ್ ಹಿಡಿದು ಎಲ್ಲೂ ಗಾಡಿ ಬದಲಿಸಬೇಕಿಲ್ಲ. ಊರ ನಡುವಿನ ಸ್ಟೆಫಾನ್ಸ್‌ಪ್ಲಾಟ್ಸ್, ಅಂದರೆ ದೊಡ್ಡ ಚರ್ಚಿನ ಚೌಕ, ಅಲ್ಲಿಂದ ಎರಡೇ ನಿಲ್ದಾಣ. ಮೆಟ್ರೋ ನಿಲ್ದಾಣಗಳಲ್ಲೆಲ್ಲ ಮೆಟ್ಟಿಲು ಹತ್ತದೆ ಮೇಲೆ ಬರುವ ವ್ಯವಸ್ಥೆ ಇದೆ. ಆದರೆ ಲಿಫ್ಟ್ ಎಲ್ಲ ದ್ವಾರದಲ್ಲೂ ಇರುವುದಿಲ್ಲ. ಹೋಟೆಲಿನವರನ್ನು ‘ಲಿಫ್ಟ್ ಇರುವ ದ್ವಾರದಿಂದ ನಿಮ್ಮಲ್ಲಿಗೆ ಎಷ್ಟು ನಿಮಿಷ’ ಅಂತ ಮಗಳ ಕೈಲಿ ಕೇಳಿಸಿ.

ಊಟದ ವಿಷಯಕ್ಕೂ ಈ ಜಾಗ ಒಳ್ಳೆಯದು. ವಿಯೆನ್ನಾದ ಯೆಹೂದಿ ಜನರ ಬದುಕಿನ ಮುಖ್ಯ ಜಾಗ ಇದು. ಅವರ ಧರ್ಮದ ಪ್ರಕಾರ ಹಾಲು ಮತ್ತು ಮಾಂಸ ಒಂದೇ ಅಡುಗೆಮನೆಯಲ್ಲಿ ಬೆರೆಯಬಾರದು. ಹಾಗಾಗಿ ‘ಮಿಲ್ಖಿಗ್’, ಅಂದರೆ ಹಾಲಿನದು, ಅಂತ ಬರೆದಿರುವ ಊಟದ ಹೋಟೆಲಿನಲ್ಲಿ ಮಾಂಸ ಇರುವುದಿಲ್ಲ. ಮೀನು, ಮೊಟ್ಟೆ ಇರಬಹುದು, ಅದನ್ನು ಕೇಳಿಕೊಳ್ಳಿ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಮುಚ್ಚಿರುತ್ತವೆ. ಈ ಬೀದಿಗಳಲ್ಲಿ ನಡೆಯುವಾಗ ಕಾಲ ಕೆಳಗೂ ನೋಡಿ. ಅಲ್ಲಲ್ಲಿ ಹಿತ್ತಾಳೆಯ ಫಲಕಗಳಿವೆ, ಹೆಸರು ಕೆತ್ತಿರುವಂಥವು. ನಾಜಿಗಳ ಕಾಲದಲ್ಲಿ ಆ ಮನೆಗಳಿಂದ ಎಳೆದೊಯ್ದು ಕೊಂದವರ ಹೆಸರುಗಳು ಅವು. ನಾನು ಎಷ್ಟು ಸಲ ಆ ದಾರಿಯಲ್ಲಿ ಹೋದರೂ ಒಂದೆರಡಾದರೂ ಓದದೆ ಮುಂದೆ ಹೋಗುತ್ತಿರಲಿಲ್ಲ.

ಸೆಪ್ಟೆಂಬರ್ ಅಂತ ಬರೆದಿದ್ದೀರಿ, ಅದರಿಂದ ಇನ್ನೊಂದು ಅನುಕೂಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ವಿಯೆನ್ನಾದ ಕೆಲವು ವಿದ್ಯಾರ್ಥಿ ಹಾಸ್ಟೆಲ್‌ಗಳು ಹೋಟೆಲ್ ಆಗುತ್ತವೆ. ಹುಡುಗರು ರಜೆಗೆ ಹೋಗಿರುತ್ತಾರಲ್ವಾ. ಕೋಣೆ ಸಾದಾ ಇರುತ್ತದೆ, ಆದರೆ ಚೊಕ್ಕ. ಕೆಲವದರಲ್ಲಿ ಪುಟ್ಟ ಅಡುಗೆ ಜಾಗವೂ ಇದೆ. ನನ್ನ ಅತ್ತಿಗೆ ಅಂಥ ಒಂದರಲ್ಲಿ ಆರು ದಿನ ಇದ್ದು ದಿನಾ ಬೆಳಿಗ್ಗೆ ಅವಲಕ್ಕಿ ಮಾಡಿಕೊಂಡು ಹೊರಡುತ್ತಿದ್ದರು.

ಬುಕ್ ಮಾಡುವ ಮುಂಚೆ ಹೋಟೆಲಿನವರಿಗೆ ಒಂದು ಸಂದೇಶ ಕಳಿಸಿ. ಬೀದಿ ಬಾಗಿಲಿನಿಂದ ಲಿಫ್ಟ್‌ವರೆಗೆ ಎಷ್ಟು ಮೆಟ್ಟಿಲು ಅಂತ ಕೇಳಿ. ‘ಲಿಫ್ಟ್ ಇದೆಯಾ’ ಅಂದರೆ ಇದೆ ಅನ್ನುತ್ತಾರೆ. ಹಳೇ ಕಟ್ಟಡದಲ್ಲಿ ಅದು ಎಂಟು-ಹತ್ತು ಮೆಟ್ಟಿಲು ಹತ್ತಿದ ಮೇಲೆ ಶುರುವಾಗುವುದುಂಟು. ಸ್ನಾನಕ್ಕೆ ಟಬ್ ಬೇಡ, ನೆಲಮಟ್ಟದ ಶವರ್ ಬೇಕು ಅನ್ನಿ. ಮಂಡಿ ನೋವಿನಲ್ಲಿ ಟಬ್‌ನ ಅಂಚು ದಾಟುವುದು ಮೆಟ್ಟಿಲಿಗಿಂತ ಕಷ್ಟ. ಒಳ ಅಂಗಳದ ಕಡೆಯ ಕೋಣೆ ಕೇಳಿ, ‘ಹೋಫ್‌ಸೈಟಿಗ್’ ಅಂತಾರೆ ಅದಕ್ಕೆ. ರಸ್ತೆ ಕಡೆಯದರಲ್ಲಿ ಬೆಳಗಿನ ಜಾವ ಐದಕ್ಕೇ ಟ್ರ್ಯಾಮ್ ಸದ್ದು ಶುರುವಾಗುತ್ತದೆ.

ಶನಿವಾರ ಸಂಜೆ ತಲುಪುವ ಹಾಗಿದ್ದರೆ ಹಾಲು, ಮೊಸರು, ಬ್ರೆಡ್ ಅವತ್ತೇ ತಂದಿಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳ ಒಳಗಿನ ಸೂಪರ್ ಮಾರ್ಕೆಟ್ ಮಾತ್ರ ತೆಗೆದಿರುತ್ತದೆ. ನಿಮಗೆ ಹತ್ತಿರದ್ದು ಪ್ರಾಟರ್‌ಸ್ಟೆರ್ನ್, ಒಂದೇ ನಿಲ್ದಾಣ. ನೀರಿನ ಬಾಟಲಿಗೆ ದುಡ್ಡು ಹಾಕಬೇಡಿ. ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಬುಗ್ಗೆ ನೀರು, 1873ರಿಂದ ಕೊಳವೆಯಲ್ಲಿ ತರುತ್ತಿದ್ದಾರೆ. ಶೌಚಾಲಯದಲ್ಲಿ ನೀರಿನ ಪೈಪ್ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಮಗ್ ಚೀಲದಲ್ಲಿರಲಿ.

ಶೋನ್‌ಬ್ರುನ್‌ಗೆ ನೆಸ್ಟ್ರಾಯ್‌ಪ್ಲಾಟ್ಸ್‌ನಿಂದ ಯು1 ಹತ್ತಿ, ಮುಂದಿನ ನಿಲ್ದಾಣ ಶ್ವೇಡನ್‌ಪ್ಲಾಟ್ಸ್‌ನಲ್ಲಿ ಯು4ಕ್ಕೆ ಬದಲಿಸಿ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಬಂದು ಮಲಗಿ.

ಪ್ರಶ್ನೆ: ಹೋದ ವರ್ಷ ಯುರೋಪಿನ ಒಂದು ಊರಾಗ ಫ್ಲಾಟ್ ಬುಕ್ ಮಾಡಿದ್ದಿವಿ. ಬಾಗಿಲ ಹತ್ರ ಯಾರೂ ಇರಲಿಲ್ಲ. ಪೆಟ್ಟಿಗೆಯಾಗ ಕೀಲಿ ಇದೆ ಅಂತ ಮೆಸೇಜ್ ಬಂತು. ಪೆಟ್ಟಿಗೆ ಹುಡುಕಲಿಕ್ಕೆ ಮಳೆಯಾಗ ಮುಕ್ಕಾಲು ತಾಸು ಹೋತು, ಮನೆ ಹುಡುಕಲಿಕ್ಕೆ ಮತ್ತ ಅರ್ಧ ತಾಸು. ಫ್ಲಾಟ್ ಸಹವಾಸನ ಬ್ಯಾಡ ಅನಿಸೇತ್ರಿ. ನೀವೇನಂತೀರಿ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಮಳೆಯಲ್ಲಿ ಮನೆಮಂದಿಯನ್ನು ನಿಲ್ಲಿಸಿಕೊಂಡು ಬೀಗದ ಪೆಟ್ಟಿಗೆ ಹುಡುಕುವ ಕಷ್ಟ ನನಗೂ ಗೊತ್ತು ಸರ್. ಆದರೂ ಫ್ಲಾಟ್ ಪೂರ್ತಿ ಬಿಡಬೇಡಿ. ನಾಲ್ಕೈದು ಜನ ಇದ್ದಾಗ, ಅನ್ನ-ಸಾರು ಮಾಡಿಕೊಳ್ಳಬೇಕು ಅಂದಾಗ ಅದರಷ್ಟು ಅನುಕೂಲ ಬೇರೆ ಇಲ್ಲ. ಒಂದೆರಡು ರಾತ್ರಿಗಾದರೆ ಹೋಟೆಲ್ ವಾಸಿ. ಮೂರು ದಾಟಿದರೆ ಫ್ಲಾಟ್ ಯೋಚಿಸಿ.

ನಿಮ್ಮ ಅರ್ಧ ತಾಸು ಎಲ್ಲಿ ಹೋಯಿತು ಅಂತ ಊಹಿಸಬಲ್ಲೆ. ಆ ಕಡೆಯ ಹಳೇ ಕಟ್ಟಡಗಳಲ್ಲಿ ಒಂದೇ ಬೀದಿ ಬಾಗಿಲಿನ ಹಿಂದೆ ಎರಡು-ಮೂರು ಬೇರೆ ಬೇರೆ ಮೆಟ್ಟಿಲ ಸಾಲು ಇರುತ್ತವೆ. ವಿಯೆನ್ನಾದಲ್ಲಿ ವಿಳಾಸ 12/2/14 ಅಂತಿದ್ದರೆ 12 ಕಟ್ಟಡದ ಸಂಖ್ಯೆ, 2 ಎಂದರೆ ಎರಡನೇ ಮೆಟ್ಟಿಲ ಸಾಲು, 14 ಬಾಗಿಲಿನ ಸಂಖ್ಯೆ. ಮುಂದಿನ ಮೆಟ್ಟಿಲು ಹತ್ತಿಬಿಟ್ಟರೆ 14 ಸಿಗುವುದೇ ಇಲ್ಲ. ಅಂಗಳ ದಾಟಿ ಹಿಂದಕ್ಕೆ ಹೋಗಬೇಕು. ಕೆಲವು ಊರಲ್ಲಿ ಕರೆಗಂಟೆಯ ಮೇಲೆ ಸಂಖ್ಯೆಯೂ ಇರುವುದಿಲ್ಲ, ಬರೀ ಹೆಸರು. ಹಾಗಾಗಿ ಮನೆಯವರನ್ನು ಮೊದಲೇ ಕೇಳಿ: ಬೀಗದ ಪೆಟ್ಟಿಗೆ ಎಲ್ಲಿದೆ ಅಂತ ಫೋಟೋ ಕಳಿಸಿ, ಗಂಟೆಯ ಮೇಲೆ ಯಾವ ಹೆಸರಿದೆ ಹೇಳಿ. ಇದನ್ನೆಲ್ಲ ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಫೋನ್‌ಗೆ ನೆಟ್ ಬರದಿದ್ದರೂ ನಡೆಯುತ್ತದೆ.

ಇನ್ನೊಂದು ಮುಖ್ಯ ವಿಷಯ, ನೋಂದಣಿ ಸಂಖ್ಯೆ. ಬಾಡಿಗೆ ಮನೆಗಳೆಲ್ಲ ಪ್ರವಾಸಿಗರ ಪಾಲಾಗುತ್ತಿವೆ ಅಂತ ಅಲ್ಲಿಯ ಊರುಗಳು ಕಾನೂನು ಬಿಗಿ ಮಾಡುತ್ತಿವೆ. ಇಟಲಿಯಲ್ಲಿ 2025ರ ಜನವರಿಯಿಂದ ಇಂಥ ಪ್ರತಿಯೊಂದು ಮನೆಗೂ ಸಿಐಎನ್ ಎನ್ನುವ ರಾಷ್ಟ್ರೀಯ ಸಂಖ್ಯೆ ಕಡ್ಡಾಯ, ಜಾಹೀರಾತಿನಲ್ಲೂ ಅದು ಕಾಣಬೇಕು. ವಿಯೆನ್ನಾದಲ್ಲಿ 2024ರ ಜುಲೈಯಿಂದ ವಿಶೇಷ ಅನುಮತಿ ಇಲ್ಲದೆ ವರ್ಷಕ್ಕೆ 90 ದಿನಕ್ಕಿಂತ ಹೆಚ್ಚು ಹೀಗೆ ಬಾಡಿಗೆಗೆ ಕೊಡುವ ಹಾಗಿಲ್ಲ. ಬಾರ್ಸಿಲೋನಾ 2028ರ ಕೊನೆಯ ಹೊತ್ತಿಗೆ ಪ್ರವಾಸಿ ಫ್ಲಾಟ್‌ಗಳನ್ನೇ ನಿಲ್ಲಿಸುವುದಾಗಿ ಹೇಳಿದೆ. ಸಂಖ್ಯೆ ಬೇಕಾದ ಊರಲ್ಲಿ ಸಂಖ್ಯೆ ತೋರಿಸದ ಮನೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ಹೋಗುವ ವಾರ ರದ್ದು ಮಾಡಿದರೆ ತೊಂದರೆ ನಿಮಗೇ.

ಮತ್ತೊಂದು ಕೋರಿಕೆ. ಅಂಥ ಕಟ್ಟಡದಲ್ಲಿ ಸಂಸಾರಗಳೂ ಇರುತ್ತವೆ, ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗುವವರು ಇರುತ್ತಾರೆ. ರಾತ್ರಿ ಹತ್ತರ ಮೇಲೆ ಮೆಟ್ಟಿಲ ಮೇಲೆ ಸೂಟ್‌ಕೇಸ್ ಎಳೆಯಬೇಡಿ, ಎತ್ತಿಕೊಂಡು ಹೋಗಿ.

ಪ್ರಶ್ನೆ: ನನಗೆ 29. ಮೊದಲ ಸಲ ಒಬ್ಬಳೇ ರೋಮ್‌ಗೆ ಹೋಗುತ್ತಿದ್ದೇನೆ, ಮೂರು ರಾತ್ರಿ. ವಿಮಾನ ಫ್ಯೂಮಿಚಿನೋದಲ್ಲಿ ಇಳಿಯುವುದು ರಾತ್ರಿ 10.40ಕ್ಕೆ. ಟೆರ್ಮಿನಿ ನಿಲ್ದಾಣದ ಹತ್ತಿರ ಬೇಡ ಅಂತ ಕೆಲವರು, ಅಲ್ಲೇ ಅನುಕೂಲ ಅಂತ ಕೆಲವರು. ಗೊಂದಲವಾಗಿದೆ.
— ಒಬ್ಬ ಓದುಗರು, ಬೆಂಗಳೂರು

ಉತ್ತರ: ನಿನ್ನ ವಿಮಾನದ ಸಮಯವೇ ಅರ್ಧ ಉತ್ತರ ಹೇಳಿಬಿಟ್ಟಿದೆ ಮಗಳೇ. (ನನ್ನ ಅಣ್ಣನ ಮಗಳ ವಯಸ್ಸು ನಿನ್ನದು, ಹಾಗಾಗಿ ಏಕವಚನ. ಬೇಜಾರು ಮಾಡಿಕೊಳ್ಳಬೇಡ.) 10.40ಕ್ಕೆ ಇಳಿದರೆ ಪಾಸ್‌ಪೋರ್ಟ್ ಸಾಲು, ಸಾಮಾನು ಅಂತ ಹೊರಬರುವಾಗ ಹನ್ನೊಂದೂವರೆಯೋ ಹನ್ನೆರಡೋ ಆಗುತ್ತದೆ. ಟೆರ್ಮಿನಿಗೆ ಎಲ್ಲೂ ನಿಲ್ಲದೆ 32 ನಿಮಿಷದಲ್ಲಿ ಹೋಗುವ ಲಿಯೋನಾರ್ಡೋ ಎಕ್ಸ್‌ಪ್ರೆಸ್ ರೈಲು ಅಷ್ಟು ಹೊತ್ತಿಗೆ ನಿಂತಿರಬಹುದು. ಅದನ್ನು ನಂಬಿಕೊಂಡು ಯೋಜನೆ ಹಾಕಬೇಡ. ಟ್ಯಾಕ್ಸಿಯ ಖರ್ಚು ಈಗಲೇ ಲೆಕ್ಕಕ್ಕೆ ಸೇರಿಸು.

ರೋಮ್‌ನಲ್ಲಿ ಬಿಳಿ ಬಣ್ಣದ ಪರವಾನಗಿ ಟ್ಯಾಕ್ಸಿಗೆ ವಿಮಾನ ನಿಲ್ದಾಣದಿಂದ ನಿಗದಿತ ದರ ಇದೆ. ಆದರೆ ಅದು ಮುಖ್ಯವಾಗಿ ಔರೇಲಿಯನ್ ಗೋಡೆಯ ಒಳಗಿನ ಜಾಗಕ್ಕೆ. ಸಾವಿರದ ಏಳುನೂರು ವರ್ಷಕ್ಕೂ ಹಳೆಯ ಕೋಟೆ ಗೋಡೆ ಇವತ್ತಿನ ಟ್ಯಾಕ್ಸಿ ದರ ತೀರ್ಮಾನಿಸುತ್ತದೆ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ. ಟೆರ್ಮಿನಿ, ಅದರ ಹತ್ತಿರದ ಮೋಂತಿ ಬಡಾವಣೆ ಈ ಗೋಡೆಯ ಒಳಗಿವೆ. ವ್ಯಾಟಿಕನ್ ಪಕ್ಕದ ಪ್ರಾತಿ ಹೊರಗಿದೆ. ಪ್ರಾತಿ ಒಳ್ಳೆಯ, ನೆಮ್ಮದಿಯ ಜಾಗ. ಹಗಲಲ್ಲಿ ಇಳಿಯುವ ಹಾಗಿದ್ದರೆ ಅದನ್ನೇ ಹೇಳುತ್ತಿದ್ದೆ.

ಟೆರ್ಮಿನಿ ಸುತ್ತ ರಾತ್ರಿ ಜನ ಗುಂಪುಗುಂಪಾಗಿ ನಿಂತಿರುತ್ತಾರೆ, ಜೇಬುಗಳ್ಳರ ಕಾಟವೂ ಇದೆ. ಅಲ್ಲಿ ಒಬ್ಬಳೇ ನಕ್ಷೆ ನೋಡುತ್ತಾ ನಿಲ್ಲುವುದು ಬೇಡ. ಆದರೆ ನಾಲ್ಕೈದು ಬೀದಿ ಆಚೆ ಹೋದರೆ ಮಾತೇ ಬೇರೆ. ಸಾಂತಾ ಮರಿಯಾ ಮಜ್ಜೋರೆ ಚರ್ಚಿನ ಸುತ್ತ, ಇಲ್ಲವೇ ಮೋಂತಿಯಲ್ಲಿ ನೋಡು. ಮೋಂತಿಗೆ ಕವೂರ್ ಮೆಟ್ರೋ ನಿಲ್ದಾಣ. ಟೆರ್ಮಿನಿಯಿಂದ ಒಂದು ಸ್ಟಾಪ್ ಈ ಕಡೆ, ಕೊಲೋಸಿಯಮ್‌ನಿಂದ ಒಂದು ಸ್ಟಾಪ್ ಆ ಕಡೆ. ಬೀದಿಗಳಲ್ಲಿ ಕಲ್ಲು ಹಾಸಿದೆ, ಏರಿಳಿತವೂ ಇದೆ. ಚಕ್ರದ ದೊಡ್ಡ ಸೂಟ್‌ಕೇಸ್ ಬದಲು ಬೆನ್ನಿಗೆ ಹಾಕುವ ಚೀಲ ಒಯ್ಯಿ.

ಇದಕ್ಕಿಂತ ಮುಖ್ಯ, 24 ಗಂಟೆ ರಿಸೆಪ್ಶನ್ ಇರುವ ಹೋಟೆಲ್ ಹಿಡಿ. ರೋಮ್‌ನ ಎಷ್ಟೋ ಚಿಕ್ಕ ಲಾಡ್ಜ್‌ಗಳು ಒಂದು ವಸತಿ ಕಟ್ಟಡದ ಒಂದು ಮಹಡಿ ಅಷ್ಟೇ. ಸಂಜೆಯಾದರೆ ಬೀಗ ಹಾಕಿಕೊಂಡು ಹೋಗುತ್ತಾರೆ. ಮಿಕ್ಕ ದಿನ ಪರವಾಗಿಲ್ಲ, ಇಳಿಯುವ ರಾತ್ರಿ ಅದು ಬೇಡ. ಅಲ್ಲಿ ಪಾಸ್‌ಪೋರ್ಟ್ ಕೇಳಿದರೆ ಹೆದರಬೇಡ. ಬಂದವರ ವಿವರ ಪೊಲೀಸರಿಗೆ ಕಳಿಸಬೇಕು ಅಂತ ಇಟಲಿಯಲ್ಲಿ ಕಾನೂನಿದೆ. ಊರಿನ ತೆರಿಗೆ ಅಂತ ತಲೆಗೆ, ರಾತ್ರಿಗೆ ಇಷ್ಟು ಯೂರೋ ಬೇರೆ ಕೊಡಬೇಕು. ಮೂರು ನಕ್ಷತ್ರದ ಹೋಟೆಲಿಗೆ 2023ರ ಅಕ್ಟೋಬರ್‌ನಿಂದ ರಾತ್ರಿಗೆ 6 ಯೂರೋ ಮಾಡಿದರು. ಬುಕಿಂಗ್ ಮೊತ್ತದಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ.

ತಲುಪಿದ ಮೇಲೆ ಅಮ್ಮನಿಗೆ ಒಂದು ಮೆಸೇಜ್ ಹಾಕು. ಆಗ ಇಲ್ಲಿ ಬೆಳಗಿನ ಜಾವ ಆಗಿರುತ್ತದೆ, ಅವರು ಎದ್ದೇ ಇರುತ್ತಾರೆ.

ಪ್ರಶ್ನೆ: ಷೆಂಗೆನ್ ವೀಸಾಕ್ಕೆ ಹೋಟೆಲ್ ದುಡ್ಡು ಮೊದಲೇ ಕಟ್ಟಬೇಕೇ? ಪ್ರಾಗ್ 3 ರಾತ್ರಿ, ವಿಯೆನ್ನಾ 3, ಬರ್ಲಿನ್ 4 ಅಂತ ಯೋಚಿಸಿದ್ದೇವೆ.
— ಒಬ್ಬ ಓದುಗರು, ಮಂಗಳೂರು

ಉತ್ತರ: ಪೂರ್ತಿ ಕಟ್ಟಬೇಕಿಲ್ಲ. (ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು.) ಉಳಿಯುವ ಜಾಗಕ್ಕೆ ಪುರಾವೆ ಬೇಕು, ಅಷ್ಟೆ. ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಮಾಡಿ, ರದ್ದತಿಯ ಕೊನೆಯ ದಿನಾಂಕ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಸುಳ್ಳು ಬುಕಿಂಗ್ ಕಾಗದ ಮಾಡಿಸಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ.

ನಿಮ್ಮ ಪಟ್ಟಿಯಲ್ಲಿ ಬರ್ಲಿನ್‌ಗೆ ಒಂದು ರಾತ್ರಿ ಜಾಸ್ತಿ. ಹಾಗಾಗಿ ಅರ್ಜಿ ಜರ್ಮನಿಗೆ ಹೋಗಬೇಕು. ಮೂರೂ ದೇಶದಲ್ಲಿ ಸಮ ರಾತ್ರಿ ಇದ್ದಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಇದಕ್ಕೇ ಹೇಳುವುದು, ರಾತ್ರಿಗಳನ್ನು ಪಕ್ಕಾ ಮಾಡಿಕೊಂಡ ಮೇಲೆ ಅರ್ಜಿ ತುಂಬಿ ಅಂತ. ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡ ಮಾಡುವ ಹಾಗಿಲ್ಲ. ನನ್ನ ಮಾತು ಕೇಳಿದರೆ ಮೂರು ತಿಂಗಳ ಮುಂಚೆಯೇ ಹಾಕಿ. ಪ್ರವಾಸದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು ಬೇಕು.

ಪ್ರಶ್ನೆ: ಮೇ ತಿಂಗಳಲ್ಲಿ ಪ್ಯಾರಿಸ್‌ಗೆ ಹೊರಟಿದ್ದೇವೆ. ನಾವಿಬ್ಬರು, 9 ಮತ್ತು 5 ವರ್ಷದ ಮಕ್ಕಳು. ನಾಲ್ವರಿಗೆ ಒಂದು ಕೋಣೆ ಎಲ್ಲೂ ಸಿಗುತ್ತಿಲ್ಲ. ಐಫೆಲ್ ಗೋಪುರ ಕಾಣುವ ಜಾಗವೇ ಬೇಕು ಅಂತ ದೊಡ್ಡ ಮಗನ ಹಟ.
— ಒಬ್ಬ ಓದುಗರು, ದಾವಣಗೆರೆ

ಉತ್ತರ: ನಮ್ಮಲ್ಲಾದರೆ ‘ಒಂದು ಎಕ್ಸ್‌ಟ್ರಾ ಬೆಡ್ ಹಾಕಿ’ ಅಂದರೆ ಹಾಕುತ್ತಾರೆ. ಪ್ಯಾರಿಸ್‌ನಲ್ಲಿ ಅದು ನಡೆಯುವುದಿಲ್ಲ. ಕೋಣೆಗಳು ತೀರಾ ಚಿಕ್ಕವು, ಒಂದು ಕೋಣೆಗೆ ಇಷ್ಟೇ ಜನ ಅಂತ ಲೆಕ್ಕ ಇರುತ್ತದೆ. ಇಬ್ಬರು ಅಂತ ಬುಕ್ ಮಾಡಿ ನಾಲ್ವರು ಹೋದರೆ ಬಾಗಿಲಲ್ಲೇ ಮಾತು ಕೇಳಬೇಕಾಗುತ್ತದೆ. ಹುಡುಕುವಾಗ ‘ಕ್ವಾಡ್ರಪಲ್’ ಅಂತ ಹಾಕಿ ನೋಡಿ. ಒಳಗಿಂದಲೇ ಬಾಗಿಲಿರುವ ಎರಡು ಕೋಣೆ, ಇಲ್ಲವೇ ಅಡುಗೆ ಜಾಗ ಇರುವ ಅಪಾರ್ಟ್‌ಹೋಟೆಲ್ ಕೂಡ ಕೇಳಿ. ಮೊಟ್ಟಮೊದಲು ಮಕ್ಕಳ ವಯಸ್ಸು ಸರಿಯಾಗಿ ನಮೂದಿಸಿ.

ಗೋಪುರದ ವಿಷಯ ಮಗನಿಗೆ ಹೀಗೆ ಹೇಳಿ ನೋಡಿ: ಗೋಪುರದ ಬುಡದಲ್ಲಿ ಉಳಿದರೆ ಅದು ಸರಿಯಾಗಿ ಕಾಣುವುದಿಲ್ಲ, ದೂರದಿಂದಲೇ ಚಂದ. ಒಂದು ಸಂಜೆ ನದಿಯ ಆಚೆ ದಡದ ಟ್ರೊಕಾಡೆರೋಗೆ ಕರೆದುಕೊಂಡು ಹೋಗಿ, ಕತ್ತಲಾದ ಮೇಲೆ ಗಂಟೆಗೊಂದು ಸಲ ಅದು ಮಿಣುಗುತ್ತದೆ. ಕಿಟಕಿಯಿಂದ ಕಾಣಬೇಕು ಅಂತ ಅಷ್ಟೂ ರಾತ್ರಿ ಅದಕ್ಕೆ ದುಡ್ಡು ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಪ್ಯಾರಿಸ್‌ನಲ್ಲಿ 20 ವಾರ್ಡುಗಳು, ನಡುವಿನಿಂದ ಬಸವನ ಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡು ಹೋಗುತ್ತವೆ. ಪಿನ್‌ನ ಕೊನೆಯ ಎರಡು ಅಂಕಿಯೇ ವಾರ್ಡ್: 75005 ಅಂದರೆ ಐದನೆಯದು. ನಿಮಗೆ ಐದನೆಯದು, ಇಲ್ಲವೇ 14ನೆಯದರಲ್ಲಿ ದಾಂಫೇರ್-ರೋಶ್ರೋ ನಿಲ್ದಾಣದ ಹತ್ತಿರ ಚೆನ್ನಾಗಿರುತ್ತದೆ. ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ರೈಲು ನೇರವಾಗಿ ಈ ಕಡೆ ಬರುತ್ತದೆ. ಮಕ್ಕಳು, ನಿದ್ದೆ, ನಾಲ್ಕು ಚೀಲ, ಇಷ್ಟು ಇಟ್ಟುಕೊಂಡು ಅಲ್ಲಿಯ ಹಳೇ ಮೆಟ್ರೋದಲ್ಲಿ ಗಾಡಿ ಬದಲಿಸುವುದು ಬಹಳ ಕಷ್ಟ. 1900ರಲ್ಲಿ ಶುರುವಾದ ಮೆಟ್ರೋ ಅದು, ಹೆಚ್ಚಿನ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಊರೊಳಗೆ ಓಡಾಡಲು ಬಸ್ ಹಿಡಿಯಿರಿ. ಕಿಟಕಿಯಲ್ಲಿ ಊರೂ ಕಾಣುತ್ತದೆ.

ಮಕ್ಕಳು ದೋಸೆ ಬೇಕು ಅಂತ ಅಳುವ ದಿನ ಬಂದೇ ಬರುತ್ತದೆ. ಅವತ್ತು ಗಾರ್ ದು ನೋರ್ ಮತ್ತು ಲಾ ಶಾಪೆಲ್ ನಡುವಿನ ಬೀದಿಗೆ ಹೋಗಿ. ಶ್ರೀಲಂಕಾದ ತಮಿಳರ ಅಂಗಡಿಗಳು ಸಾಲಾಗಿವೆ. ದೋಸೆ, ಇಡ್ಲಿ, ಕರಿಬೇವು, ಮಲ್ಲಿಗೆ ಹೂವು ಕೂಡ ಸಿಗುತ್ತದೆ. ಅಲ್ಲೇ ಹತ್ತಿರ ಒಂದು ಗಣಪತಿ ಗುಡಿಯೂ ಇದೆ.

ಐದನೇ ವಾರ್ಡ್ ಹೇಳಿದ್ದಕ್ಕೆ ಇನ್ನೊಂದು ಕಾರಣ, ಪಕ್ಕದಲ್ಲೇ ಇರುವ ಲಕ್ಸಂಬರ್ಗ್ ಉದ್ಯಾನ. ಅಲ್ಲಿಯ ಕೊಳದಲ್ಲಿ ಬಿಡಲು ಪುಟ್ಟ ಹಾಯಿ ದೋಣಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಜೊತೆಗೆ ಒಂದು ಕೋಲು. ದೋಣಿ ದಡಕ್ಕೆ ಬಂದರೆ ಮಕ್ಕಳು ಓಡಿ ಹೋಗಿ ಕೋಲಿನಿಂದ ಮತ್ತೆ ನೀರಿಗೆ ತಳ್ಳಬೇಕು. ಗಂಟೆಗಟ್ಟಲೆ ಆಡುತ್ತಾರೆ. ಕೋಣೆ ಹತ್ತು ನಿಮಿಷದ ದಾರಿಯಲ್ಲಿದ್ದರೆ ಒದ್ದೆಯಾದ ಕಾಲುಚೀಲ ಬದಲಿಸಿ, ಏನಾದರೂ ತಿನ್ನಿಸಿ, ಸಂಜೆ ಮತ್ತೆ ಕರೆದುಕೊಂಡು ಬರಬಹುದು.